ಕಂಬದೂರಿನ ತುದಿಯ ದೀಪ

ಮಗ ಕಡಲಿಗೆ ಹೊರಟಾಗಲೆಲ್ಲ ಸುಗ್ರಾ ಮೆಟ್ಟಿಲ ಮೇಲೆ ನಿಂತು ಅವನ ಬೆನ್ನ ಹಿಂದೆ ಒಂದು ಚೊಂಬು ನೀರು ಚೆಲ್ಲುತ್ತಿದ್ದಳು. ಹಾಗೆ ಚೆಲ್ಲಿದರೆ ಹೋದವರು ನೀರು ಹರಿದಷ್ಟೇ ಸಲೀಸಾಗಿ ಮರಳಿ ಬರುತ್ತಾರೆ ಅನ್ನುವುದು ನಮ್ಮ ಬಾಕುವಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಗಂಡ ಅಲೋವ್ಸತ್‌ನ ಹಿಂದೆಯೂ ಚೆಲ್ಲಿದ್ದಳು. ಅವನು ಬರಲಿಲ್ಲ. ಖಜ್ರಿ ಅನ್ನುವ ಬಡಗಣ ಗಾಳಿ ಕಡಲನ್ನು ಎತ್ತಿ ಒಗೆದ ದಿನ, ಎಣ್ಣೆಬಾವಿಗೆ ಹೋಗುವ ಸೇತುವೆಯ ತುದಿ ಮುರಿದು ಅವನನ್ನೂ ಜೊತೆಯವರನ್ನೂ ಎಳೆದುಕೊಂಡು ಹೋಯಿತು. ಜೊತೆಯವರ ಹೆಣ ಸಿಕ್ಕಿತು, ಅವನದು ಸಿಗಲಿಲ್ಲ.

"ನಾನು ನೀರು ಚೆಲ್ಲಿದ್ದೀನಿ. ಬರ್ಲೇಬೇಕು," ಅಂದಳು ಸುಗ್ರಾ. ಅಣ್ಣನ ಮುಖ ಕೆತ್ತಿದ ಗೋರಿಕಲ್ಲು ನೆಡಿಸೋಣ ಅಂದ ಮೈದುನನಿಗೆ ಪೊರಕೆ ತೋರಿಸಿದಳು. ಅಬ್ಬಾ, ಏನು ಹಟ ಆ ಹೆಂಗಸಿನದು!

ಮಗ ಮಿರ್ಜಾಬಾಲಾ ಮೀಸೆ ಚಿಗುರಿದ್ದೇ ತಡ, ಅಪ್ಪ ದುಡಿಯುತ್ತಿದ್ದ ಕಂಬದೂರಿಗೇ ಕೆಲಸಕ್ಕೆ ಸೇರಿದ. ನಡುಗಡಲಲ್ಲಿ ಉಕ್ಕಿನ ಕಂಬ ನೆಟ್ಟು, ಅದರ ಮೇಲೆ ಬೀದಿ, ಬೇಕರಿ, ಚಹಾದಂಗಡಿ ಎಲ್ಲ ಕಟ್ಟಿದ ಊರು ಅದು. ಹದಿನೈದು ದಿನ ಕಡಲು, ಹದಿನೈದು ದಿನ ನೆಲ. ಅಪ್ಪನನ್ನು ನುಂಗಿದ ಬಾವಿಯನ್ನೇ ಕೇಳಿ ಪಡೆದ. ಹೊಸದಾಗಿ ಕಟ್ಟಿದ ಸೇತುವೆಯ ತುದಿಯಲ್ಲಿ ಒಂದು ದೀಪ ಹಾಕಿದ. ಮೊದಲ ಸಲ ಮನೆಗೆ ಬಂದಾಗ ಅಮ್ಮನ ಮುಖ ನೋಡಲಾರದೆ ಹೇಳಿಬಿಟ್ಟ: "ಅಲ್ಲೊಂದು ದೀಪ ಇಟ್ಟಿದ್ದೀನಮ್ಮ. ಅಪ್ಪಂಗೆ ದಾರಿ ಕಾಣ್ಲಿ ಅಂತ."

ಆ ಮಾತು ಅವನ ಕೊರಳಿಗೇ ಬಿತ್ತು. ಅಂದಿನಿಂದ ಅವನು ಹೊಸ್ತಿಲು ದಾಟುವ ಮೊದಲೇ ಪ್ರಶ್ನೆ: "ದೀಪ ಉರೀತಿದೆಯೇನೋ?"

"ಉರೀತಿದೆ ಅಮ್ಮ."

ಇಬ್ಬರ ತಲೆಯೂ ಹಣ್ಣಾಯಿತು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಊರು ಉಳಿಯಲಿಲ್ಲ. ತುಕ್ಕು ತಿಂದ ಸೇತುವೆಗಳು ಒಂದೊಂದಾಗಿ ಕಡಲಿಗೆ ಬಿದ್ದವು, ಎತ್ತುವವರಿಲ್ಲ. ಬೇಕರಿ ಮುಚ್ಚಿತು. ದುಡ್ಡೆಲ್ಲ ದೂರದ ಆಳಗಡಲಿಗೆ, ಪರದೇಶಕ್ಕೆ ಅನಿಲ ಒಯ್ಯುವ ಕೊಳವೆಗೆ ಹೋಯಿತು. ಅದೂ ಸಾಲದೆಂದು ನಗರದಲ್ಲಿ ಸಭೆ ಸೇರಿ, ಎಣ್ಣೆಯ ಕಾಲ ಮುಗಿಯಿತು, ಇನ್ನು ಗಾಳಿ ಬಿಸಿಲಿನ ಕಾಲ ಅಂದರು. ಆ ಸಭೆಯ ಫೋಟೋ ನೋಡಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

"ಗಾಳೀನಾ?" ಅಂದ ಅಗಾಸಫ್, ಸಕ್ಕರೆ ಗಡ್ಡೆ ಕಚ್ಚಿ ಚಹಾ ಹೀರುತ್ತ. ಅವನು ಮಿರ್ಜಾಬಾಲಾನ ಪಾಳಿಯ ಗೆಳೆಯ. "ಗಾಳಿ ಬೇಕಂದ್ರೆ ನಮ್ಮನ್ನ ಕೇಳ್ಬೇಕಪ್ಪ. ಇಷ್ಟು ವರ್ಷ ಅದನ್ನೇ ಅಲ್ವಾ ನಾವು ತಿಂದಿದ್ದು!"

"ಹತ್ತಿದ ಏಣಿ ಒದೀತಾರೆ ನೋಡು," ಅಂದ ಮಿರ್ಜಾಬಾಲಾ. " ಈ ದೇಶ ನಿಂತಿದ್ದೇ ಈ ಕಂಬಗಳ ಮೇಲೆ."

"ಆಯ್ತಯ್ಯಾ. ನಿನ್ನ ಬಾವೀಲಿ ಈಗ ಏನು ಬರ್ತಿದೆ?"

"ನೀರು."

"ಹಾಗಾದ್ರೆ ಊರಿಗೆ ತಗೊಂಡ್ಹೋಗು. ನಿಮ್ಮಮ್ಮಂಗೆ ಚೆಲ್ಲೋಕಾಗುತ್ತೆ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಈ ವಸಂತದಲ್ಲಿ ಮೇಲಧಿಕಾರಿ ಎಲ್ಷಾದ್ ಮೇಷ್ಟ್ರು ಬಂದರು. ಪಾಠ ಹೇಳದಿದ್ದರೂ ದೊಡ್ಡವರನ್ನೆಲ್ಲ ಮೇಷ್ಟ್ರು ಅನ್ನುವುದು ನಮ್ಮ ಕಡೆಯ ಮರ್ಯಾದೆ. ಬಾವಿಗೆ ಸಿಮೆಂಟ್ ತುಂಬಿ ಸೇತುವೆ ಕತ್ತರಿಸುತ್ತೇವೆ, ಇದೇ ನಿಮ್ಮ ಕೊನೆಯ ಪಾಳಿ ಅಂದರು.

"ಮೇಷ್ಟ್ರೇ, ಬಾವಿ ಮುಚ್ಚಿ, ಬೇಡ ಅನ್ನಲ್ಲ. ಸೇತುವೆ ಬಿಟ್ಬಿಡಿ," ಅಂದ ಮಿರ್ಜಾಬಾಲಾ. "ತುದೀಲಿ ಒಂದು ದೀಪ ಇದೆ."

"ಯಾತಕ್ಕಪ್ಪಾ? ಅಲ್ಲಿಗೆ ಯಾರು ಬರ್ತಾರೆ?"

ಎಲ್ಷಾದ್ ಮೇಷ್ಟ್ರು ಕೆಟ್ಟವರಲ್ಲ. ಅವನ ಭುಜ ತಟ್ಟಿ, "ಅದು ಬೀಳೋ ಸೇತುವೆ, ಮಿರ್ಜಾ. ಇನ್ನೊಬ್ಬನ್ನ ತಿನ್ನೋ ಮುಂಚೆ ತೆಗೀಬೇಕು," ಅಂದರು.

ಬಾವಿಯ ಕೊನೆಯ ತಿರುಗಣಿಯನ್ನು ಅವನೇ ತಿರುಗಿಸಿ ಮುಚ್ಚಿದ. ದೀಪ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಹಡಗು ಹೊರಡುವ ಮೊದಲೇ ಸೇತುವೆ ನೀರಿಗೆ ಬಿದ್ದ ಸದ್ದು ಕೇಳಿಸಿತು. ಅವನು ತಿರುಗಿ ನೋಡಲಿಲ್ಲ.

"ದೀಪ ಉರೀತಿದೆಯೇನೋ?"

"ಉರೀತಿದೆ ಅಮ್ಮ."

ಆ ರಜೆಯುದ್ದಕ್ಕೂ ಹೇಳಲು ಬಾಯಿ ತೆರೆಯುವುದು, ನುಂಗುವುದು, ಇಷ್ಟೇ ಆಯಿತು. ರಜೆ ಮುಗಿದ ಬೆಳಿಗ್ಗೆ ಎದ್ದು ನೋಡಿದರೆ, ಸುಗ್ರಾ ಸೊಪ್ಪು ತುಂಬಿದ ಕುತಾಬ್ ರೊಟ್ಟಿ ಸುಟ್ಟು ಬುತ್ತಿ ಕಟ್ಟಿ, ತುಂಬಿದ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

"ಹೊರಡೋ ಬೇಗ, ಹಡಗು ತಪ್ಪುತ್ತೆ."

ಅವನು ಬೂಟು ಹಾಕಿಕೊಳ್ಳಲು ಕೂತ. ಏಳಲಾಗಲಿಲ್ಲ.

"ಹಡಗಿಲ್ಲಮ್ಮ. ಬಾವಿ ಮುಚ್ಚಿದ್ರು. ದೀಪ ನಾನೇ ತೆಗೆದೆ."

ಬೈಯುತ್ತಾಳೆ, ಚೊಂಬು ತಲೆಗೆ ಬೀಳುತ್ತದೆ ಅಂತ ಕಾದ. ಅವಳು ಮೆಲ್ಲಗೆ ಕೇಳಿದಳು: "ಸೇತುವೆ?"

"ಅದನ್ನೂ ಕತ್ತರಿಸಿದ್ರು."

"ಹಾಗಾದ್ರೆ ನಿಮ್ಮಪ್ಪ ಏನು ಹಿಡ್ಕೊಂಡು ಹತ್ತಿ ಬರ್ತಾರೋ?"

ಮಿರ್ಜಾಬಾಲಾ ದೊಡ್ಡ ಗಂಡಸು, ಮೊಮ್ಮಕ್ಕಳನ್ನು ಕಂಡವನು, ಬಿಕ್ಕಿ ಬಿಕ್ಕಿ ಅತ್ತ. ಸುಗ್ರಾ ಮೆಟ್ಟಿಲಿಗೆ ನೀರು ಚೆಲ್ಲಲಿಲ್ಲ. ಒಳಗೆ ಹೋಗಿ ಕಿಟಕಿಯಲ್ಲಿದ್ದ ತುಳಸಿಯಂಥ ರೇಹಾನ್ ಗಿಡದ ಬುಡಕ್ಕೆ ಹುಯ್ದು, ಚೊಂಬನ್ನು ಬೋರಲು ಹಾಕಿದಳು. ಆಮೇಲೆ ಪೆಟ್ಟಿಗೆಯಿಂದ ಗಂಡನ ಫೋಟೋ ತೆಗೆದು, ತಲೆವಸ್ತ್ರದ ತುದಿಯಿಂದ ಒರೆಸಿ ಮಗನ ಕೈಗೆ ಕೊಟ್ಟಳು.

"ಕಲ್ಲು ಕೆತ್ತೋನ ಹತ್ರ ಹೋಗು. ಮುಖ ಚೆನ್ನಾಗಿ ಬರ್ಲಿ ಅಂತ ಹೇಳು," ಅಂದಳು. ಮತ್ತೊಮ್ಮೆ ಫೋಟೋ ನೋಡಿದಳು. "ನಿನಗಿಂತ ಎಷ್ಟು ಚಿಕ್ಕೋರು ನೋಡೋ, ನಿಮ್ಮಪ್ಪ."