ಒರೆಸದೆ ಬಿಟ್ಟ ಕಡ್ಡಿ

ಮುಂಬಯಿಯ ಪವಾಯಿಯಲ್ಲಿ ಒಂದು ಬಿಲ್ಡಿಂಗಿನ ಟೆರೇಸ್ ಮೇಲಿನ ಹಸಿರುಮನೆಯಲ್ಲಿ ನನಗೆ ಕೆಲಸ ಸಿಕ್ಕಿದಾಗ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು. ಅಷ್ಟು ವರ್ಷ ಮನೆಯಲ್ಲೇ ಇದ್ದ ನನಗೆ, ಓದಿದ ಬಿ.ಎಸ್ಸಿ. ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂಬ ಹೆಮ್ಮೆ ಇತ್ತು. ಅಲ್ಲಿ ಮಣ್ಣೇ ಇಲ್ಲ. ಉದ್ದನೆಯ ಬಿಳಿ ಪೈಪುಗಳಲ್ಲಿ ಗೊಬ್ಬರದ ಲವಣ ಬೆರೆಸಿದ ನೀರು ಸದಾ ಹರಿಯುತ್ತದೆ. ಪೈಪಿನ ತೂತುಗಳಲ್ಲಿ ಕೂತ ಲೆಟ್ಯೂಸ್ ಗಿಡಗಳು ಆ ನೀರಿಗೆ ಬೇರು ಇಳಿಬಿಟ್ಟು ಬೆಳೆಯುತ್ತವೆ.

ನನ್ನ ಪಾಲಿಗೆ ಬಂದದ್ದು ಸೆನ್ಸರ್‌ಗಳ ಉಸ್ತುವಾರಿ. ಪೈಪುಗಳಿಗೆ ನೀರು ಹೋಗುವ ತೊಟ್ಟಿಯೊಳಗೆ ಪೆನ್ನಿನಷ್ಟು ದಪ್ಪದ ಒಂದು ಸೆನ್ಸರ್ ಇಳಿಬಿಟ್ಟಿದ್ದರು. ನಾವು ಅದನ್ನು ಕಡ್ಡಿ ಎನ್ನುತ್ತಿದ್ದೆವು. ನೀರಿನಲ್ಲಿ ಲವಣ ಎಷ್ಟಿದೆ ಎಂದು ಅದು ಹೇಳುತ್ತಿತ್ತು. ಗಿಡಗಳ ಮೇಲಿದ್ದ ಕ್ಯಾಮೆರಾ ಎಲೆಗಳು ದಿನಕ್ಕೆ ಎಷ್ಟು ಹರಡಿದವು ಎಂದು ಅಳೆಯುತ್ತಿತ್ತು. ಎಲ್ಲವೂ ನನ್ನ ಮೇಜಿನ ಸ್ಕ್ರೀನಿಗೆ ಬರುತ್ತಿತ್ತು. ಪ್ರತಿ ಸೋಮವಾರ ಕಡ್ಡಿಯನ್ನು ಹೊರಗೆ ತೆಗೆದು, ಒರೆಸಿ, ಪರೀಕ್ಷೆಯ ದ್ರಾವಣದಲ್ಲಿ ಅದ್ದಿ, ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಿ ರಿಜಿಸ್ಟರಿನಲ್ಲಿ ಟಿಕ್ ಹಾಕಬೇಕಿತ್ತು.

ಲವಣ ಬೆರೆಸುವವರು ಉಡುಪಿ ಕಡೆಯ ಒಬ್ಬ ಹಿರಿಯರು. ಮಾಟುಂಗದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಬಹಳ ವರ್ಷ ಸಾಂಬಾರು ಮಾಡಿ, ಮಂಡಿ ಸೋತ ಮೇಲೆ ಇಲ್ಲಿಗೆ ಬಂದವರು. ಸಾಂತಾಕ್ರೂಜಿನಿಂದ ಎರಡು ಬಸ್ ಬದಲಿಸಿ ಬಂದರೂ ನನಗಿಂತ ಮೊದಲೇ ಹಾಜರಿರುತ್ತಿದ್ದರು. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ನನ್ನ ಧಾರವಾಡದ ಮಾತು ಕೇಳಿದರೆ ಅವರಿಗೆ ನಗು.

ಆ ಮಾರ್ಚಿನಲ್ಲಿ ಸ್ಕ್ರೀನಿನ ಅಂಕಿ ದಿನದಿನಕ್ಕೆ ಇಳಿಯತೊಡಗಿತು. ನೀರಿನಲ್ಲಿ ಲವಣ ಕಡಿಮೆ ಎಂದು ಅದರ ಅರ್ಥ.

"ಅಣ್ಣಾರ, ಇವತ್ತ ಎಷ್ಟ ಹಾಕೀರಿ?" ಎಂದು ಕೇಳಿದೆ.

"ಅಳತೆ ಪ್ರಕಾರವೇ ತಂಗಿ. ಯಾವಾಗಲೂ ಹಾಕುವಷ್ಟೇ."

ಮರುದಿನ ಮತ್ತೆ ಕೇಳಿದೆ. ಮೂರನೆಯ ದಿನ ಅವರ ಹಿಂದೆ ನಿಂತು ನೋಡಿದೆ. ಅಳತೆಯ ಜಾರನ್ನು ಹಳೆಯ ಕನ್ನಡಕದ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ತಂದರು. ನನಗೆ ಅಷ್ಟೇ ಸಾಕಾಯಿತು. ಹಸಿರುಮನೆಯ ಮಾಲಕಿ ನನಗಿಂತ ಚಿಕ್ಕವಳಾದ ಒಬ್ಬ ಎಂಜಿನಿಯರ್. ಆಕೆಗೆ, ಈ ಹಿರಿಯರ ಕಣ್ಣು ಮಂಜಾಗಿರಬೇಕು ಎಂದು ಹೇಳಿದೆ. ಆಕೆ ಬೇಸರದಿಂದಲೇ ಅವರನ್ನು ಪ್ಯಾಕಿಂಗಿಗೆ ಹಾಕಿದಳು. ಬೆರೆಸುವ ಕೆಲಸ ನನಗೆ ಬಂತು. ಅವರು ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿ, "ಜಾರು ತೊಳೆದಿಟ್ಟಿದ್ದೇನೆ ಮೇಡಂ" ಎಂದರು. ಆ ಮೇಡಂ ನನಗೆ ಚುಚ್ಚಿತು. ಆದರೂ ಸ್ಕ್ರೀನಿನ ಅಂಕಿ ನನ್ನ ಕಡೆ ಇತ್ತು.

ಅಂಕಿ ಸರಿಯಾದ ಜಾಗಕ್ಕೆ ಬರುವವರೆಗೆ ನಾನು ದಿನವೂ ಒಂದಿಷ್ಟು ಹೆಚ್ಚೇ ಸುರಿದೆ. ವಾರ ಕಳೆಯುವಷ್ಟರಲ್ಲಿ ಎಲೆಗಳ ಅಂಚು ಕಂದಿ ಸುಟ್ಟಂತಾಯಿತು. ಸೆಕೆಗೆ ಹೀಗಾಗಿದೆ ಎಂದು ನೆರಳುಬಲೆ ಎಳೆಸಿದೆ.

ಒಂದು ಬೆಳಿಗ್ಗೆ ಮಾಲಕಿ ಕ್ಯಾಮೆರಾದ ಗ್ರಾಫ್ ನೋಡುತ್ತ ಹಿಂದಿಯಲ್ಲಿ ಕೇಳಿದಳು: "ವಿಚಿತ್ರ ನೋಡಿ ದೀದಿ. ಅಂಕಲ್ ಬೆರೆಸುತ್ತಿದ್ದಾಗ ಎಲೆ ಚೆನ್ನಾಗೇ ಹರಡುತ್ತಿತ್ತು. ಅವರು ಬಿಟ್ಟ ವಾರವೇ ನಿಂತುಹೋಗಿದೆ. ಯಾಕೆ?"

ಆಕೆ ಯಾವ ಅನುಮಾನವೂ ಇಲ್ಲದೆ ಕೇಳಿದ್ದಳು. ನನಗೆ ಮಾತ್ರ ಸೋಮವಾರದ ಕೆಲಸ ನೆನಪಾಯಿತು. ತೊಟ್ಟಿಯ ಹತ್ತಿರ ಹೋಗಿ ಕಡ್ಡಿಯನ್ನು ಮೇಲೆತ್ತಿದೆ. ತುದಿಯ ತುಂಬ ಬಿಳಿ ಪೊರೆ ಕಟ್ಟಿತ್ತು. ಮಗಳ ಪರೀಕ್ಷೆಯ ಗಡಿಬಿಡಿಯಲ್ಲಿ ನಾಲ್ಕು ಸೋಮವಾರ ನಾನು ಅದನ್ನು ಮುಟ್ಟಿರಲಿಲ್ಲ. ಟಿಕ್ ಮಾತ್ರ ಹಾಕಿದ್ದೆ. ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೊಳೆದು ಮತ್ತೆ ಇಳಿಬಿಟ್ಟೆ. ಸ್ಕ್ರೀನಿನ ಅಂಕಿ ಜಿಗಿದು ಇರಬೇಕಾದ್ದಕ್ಕಿಂತ ಎಷ್ಟೋ ಮೇಲೆ ಹೋಗಿ ನಿಂತಿತು. ಲವಣ ಎಂದೂ ಕಡಿಮೆಯಾಗಿರಲಿಲ್ಲ. ಗಿಡಗಳನ್ನು ಸುಟ್ಟವಳು ನಾನು.

ಕೈ ಒರೆಸಿಕೊಳ್ಳುತ್ತ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಕಡ್ಡಿ ಶುಭ್ರವಾಗಿತ್ತು. ನೀರು ಬದಲಿಸಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡೋಣ ಅನ್ನಿಸಿದ್ದೂ ನಿಜ. ಅಷ್ಟರಲ್ಲಿ ಪ್ಯಾಕಿಂಗ್ ಮೇಜಿನ ಕಡೆ ಕಣ್ಣು ಹೋಯಿತು. ಅವರು ಹೊಸ ಕನ್ನಡಕ ಹಾಕಿಕೊಂಡು ಸುಟ್ಟ ಅಂಚಿನ ಎಲೆಗಳನ್ನು ಒಂದೊಂದಾಗಿ ಚಿವುಟಿ ತೆಗೆಯುತ್ತಿದ್ದರು.

ರಿಜಿಸ್ಟರ್ ಹಿಡಿದು ಮಾಲಕಿಯ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ನಾಲ್ಕು ಟಿಕ್‌ಗಳ ಮೇಲೆ ಬೆರಳಿಟ್ಟು ನೋಡಿದಳು. "ಗಿಡ ಮತ್ತೆ ಹಾಕಬಹುದು. ಅಂಕಲ್‌ಗೆ ಮಾತ್ರ ನೀವೇ ಹೇಳಬೇಕು," ಎಂದಳು.

ಅವರ ಎದುರು ಸ್ಟೂಲ್ ಎಳೆದು ಕೂತೆ. "ಅಣ್ಣಾರ, ತಪ್ಪು ನಿಮ್ಮದಲ್ಲ, ನಂದು. ಕಡ್ಡಿ ನಾ ಒರಸಿರಲಿಲ್ಲ. ಒರಸೇನಿ ಅಂತ ಸುಳ್ಳ ಬರದಿದ್ದೆ."

ಅವರು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು. "ಹಾಗಾದರೆ ನಾನು ಹಾಕಿದ್ದು ಸರಿಯೇ ಇತ್ತಾ?"

"ಸರೀನ ಇತ್ರೀ."

"ನಾನೂ ಕಣ್ಣು ಹೋಯ್ತು ಅಂತಲೇ ಎಣಿಸಿದ್ದು," ಎಂದರು ಮೆಲ್ಲಗೆ. "ಡಾಕ್ಟರ ಹತ್ತಿರ ಹೋದೆ. ಅವರು, ಹಳೇ ನಂಬರೇ ಉಂಟು, ಏನೂ ಹೆಚ್ಚಾಗಲಿಲ್ಲ ಅಂದರು. ನನಗೆ ಧೈರ್ಯ ಬರಲಿಲ್ಲ, ಹೊಸ ಕನ್ನಡಕ ಮಾಡಿಸಿಯೇ ಬಂದೆ. ಮನೆಯಲ್ಲಿ ಚಾಕ್ಕೆ ಸಕ್ಕರೆ ಹಾಕುವಾಗಲೂ ಹೆಂಡತಿಗೆ ತೋರಿಸಿ ಕೇಳ್ತಾ ಇದ್ದೆ, ಸರಿ ಉಂಟಾ ಅಂತ."

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಕೆಳಗಿಟ್ಟ ಎಲೆಯನ್ನು ಮತ್ತೆ ಎತ್ತಿಕೊಂಡು, "ಮಗಳ ಪರೀಕ್ಷೆ ಹೇಗಾಯ್ತು?" ಎಂದು ಕೇಳಿದರು.

ಆ ಗಿಡಗಳನ್ನೆಲ್ಲ ಕಿತ್ತು, ಪೈಪು ತೊಳೆದು ಹೊಸ ಸಸಿ ಇಟ್ಟೆವು. ಬೆರೆಸುವ ಕೆಲಸಕ್ಕೆ ಮಾಲಕಿ ಕರೆದಾಗ ಅವರು ತಕ್ಷಣ ಒಪ್ಪಲಿಲ್ಲ. ಇನ್ನೂ ಹತ್ತು ದಿನ ಪ್ಯಾಕಿಂಗಿನಲ್ಲೇ ಕೂತರು. ನಾನು ಒತ್ತಾಯ ಮಾಡಲಿಲ್ಲ. ಒಂದು ಸೋಮವಾರ ತಾವಾಗಿಯೇ ತೊಟ್ಟಿಯ ಬಳಿ ಬಂದು ಕಡ್ಡಿ ಒರೆಸುವುದನ್ನು ನೋಡಿದರು. "ನನಗೂ ಕಲಿಸಿ" ಎಂದರು. ಅಂದೇ ಬೆರೆಸುವ ಕೆಲಸಕ್ಕೂ ಮರಳಿದರು. ಅಂದಿನಿಂದ ಒರೆಸುವುದನ್ನು ಇಬ್ಬರೂ ಸೇರಿ ಮಾಡುತ್ತೇವೆ, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕುತ್ತೇವೆ.

ಹೊಸ ಬೆಳೆ ಕೊಯ್ದ ದಿನ ಅವರು ಒಂದು ಲೆಟ್ಯೂಸ್ ಮನೆಗೆ ಒಯ್ದರು. ಹೆಂಡತಿ ಅದನ್ನು ಸಣ್ಣಗೆ ಹೆಚ್ಚಿ, ಕಾಯಿತುರಿ ಹಾಕಿ ಪಲ್ಯ ಮಾಡಿದರಂತೆ. ಹೇಗಿತ್ತು ಎಂದು ಕೇಳಿದೆ.

"ಬಾಣಲೆಯಲ್ಲಿ ಹಾಕಿದ್ದು ಒಂದು ಬುಟ್ಟಿ, ತಟ್ಟೆಗೆ ಬಂದದ್ದು ಎರಡು ಚಮಚ," ಎಂದರು. "ಆದರೂ ತಿಂದೆವು."