ಹಾಲುಕ್ಕುವ ಮೊದಲೇ ಹಣ್ಣಾದ ಹುಳುಗಳು

ಅದು 2006ರ ಜೂನ್ ತಿಂಗಳು. ಚಾಮರಾಜನಗರದಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಮದುವೆ ಸೀಸನ್ ಮುಗಿದು ಆಷಾಢ ಹತ್ತಿರವಾಗಿದ್ದರಿಂದ ಮಿಷನ್ನಿಗೂ ನನಗೂ ಸ್ವಲ್ಪ ಬಿಡುವಿತ್ತು. ಆಗ ನನ್ನ ಗೆಳತಿ ರತ್ನ ಅಂಗಡಿಗೆ ಬಂದು, ಶುಕ್ರವಾರ ಹೊಸ ಮನೆಗೆ ಹೋಗುತ್ತಿದ್ದೇವೆ, ಸಾಮಾನು ಸಾಗಿಸಲು ನೀನು ಬರಲೇಬೇಕು ಅಂದಳು. ನಾಲ್ಕು ಪಾತ್ರೆ ಎತ್ತಿಡುವುದು, ಹೊಟ್ಟೆ ತುಂಬ ಪಾಯಸ ಉಂಡು ಬರುವುದು, ಇಷ್ಟೇ ತಾನೇ ಅಂದುಕೊಂಡು ಒಪ್ಪಿಕೊಂಡೆ. ಹುಳುಗಳ ವಿಷಯವನ್ನು ಅವಳು ಬೇಕಂತಲೇ ಹೇಳಿರಲಿಲ್ಲ. ಹೇಳಿದ್ದರೆ ನಾನು ಜ್ವರ ಅಂತ ಹಾಸಿಗೆ ಹಿಡಿದುಬಿಡುತ್ತಿದ್ದೆ. ಹುಳು ಅಂದರೆ ನನಗೆ ಅಷ್ಟು ಭಯ. ಅವರೆಕಾಯಿ ಸುಲಿಯುವಾಗ ಒಂದು ಹುಳು ಕಂಡರೆ ಮೊರವನ್ನೇ ಬಿಟ್ಟು ಏಳುವವಳು ನಾನು.

ರತ್ನ ಮತ್ತು ನಾನು ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವಳನ್ನು ಪುಣಜನೂರು ರಸ್ತೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಮಾದೇಶ ಗಾರೆ ಕೆಲಸದವನು, ಮಾತು ಕಡಿಮೆ. ಆ ಕೊರತೆಯನ್ನು ಅವನ ತಾಯಿ ಸಿದ್ದಮ್ಮ ತುಂಬಿಕೊಡುತ್ತಿದ್ದರು. ಬಾಡಿಗೆ ಮನೆ, ಗುತ್ತಿಗೆಗೆ ಹಿಡಿದ ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಅರ್ಧ ಭಾಗದಲ್ಲಿ ರೇಷ್ಮೆ ಹುಳು, ಇದು ಅವರ ಸಂಸಾರ. ಮಾದೇಶನಿಗೆ ಗುಂಡ್ಲುಪೇಟೆ ಕಡೆ ಕೈತುಂಬ ಕೆಲಸ ಸಿಗತೊಡಗಿದ ಮೇಲೆ ಬೇಗೂರಿನಲ್ಲಿ ಸೈಟು ತೆಗೆದುಕೊಂಡು, ರಜೆಯ ದಿನಗಳಲ್ಲಿ ತಾನೇ ಒಂದೊಂದು ಇಟ್ಟಿಗೆ ಇಟ್ಟು ಮನೆ ಕಟ್ಟಿದ್ದ. ಆಷಾಢ ಹುಟ್ಟುವ ಮೊದಲು ಅಲ್ಲಿ ಹಾಲು ಉಕ್ಕಿಸಬೇಕು ಎಂದು ಶುಕ್ರವಾರ ಗೊತ್ತುಮಾಡಿದ್ದರು.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳ ಹಳ್ಳಿಗೆ ಹೋದೆ. ಟೆಂಪೋ ಬಾಗಿಲಲ್ಲಿ ನಿಂತಿತ್ತು, ಅತ್ತೆ ಸೊಸೆ ಇಬ್ಬರೂ ಮುಖ ಊದಿಸಿಕೊಂಡಿದ್ದರು. ಮನೆ ಬಿಡುವ ತಿಂಗಳಲ್ಲಿ ಹುಳು ಸಾಕಬೇಡ ಎಂದು ಸಿದ್ದಮ್ಮ ಹೇಳಿದ್ದರಂತೆ. ರತ್ನ ಕೇಳದೆ ಮೊಟ್ಟೆ ತಂದಿದ್ದಳು. ಅಷ್ಟು ವರ್ಷ ಅತ್ತೆಯ ಕೈಕೆಳಗೆ ಸಾಕಿದ್ದವಳು, ಮೊದಲ ಸಲ ಒಂದು ಬೆಳೆಯನ್ನು ತಾನೊಬ್ಬಳೇ ಎತ್ತಿ ತೋರಿಸಬೇಕೆಂದು ಹಟ ಹಿಡಿದಿದ್ದಳು. ಮನೆ ಬಿಡುವಷ್ಟರಲ್ಲಿ ಗೂಡು ಮಾರಿ ಮುಗಿದಿರುತ್ತದೆ ಎಂಬುದು ಅವಳ ಲೆಕ್ಕ. ಆದರೆ ಮುಂಗಾರಿನ ತಂಪು ಮೋಡಕ್ಕೆ ಹುಳುಗಳ ಬೆಳವಣಿಗೆ ಹಿಂದೆ ಬಿದ್ದಿತ್ತು. ಅಕ್ಕಪಕ್ಕದಲ್ಲಿ ಬಿಟ್ಟು ಹೋಗೋಣವೆಂದರೆ ಎಲ್ಲರ ಮನೆಯಲ್ಲೂ ಅವರವರದೇ ಹುಳು, ಕಾಲಿಡಲು ಜಾಗವಿಲ್ಲ. ಸಂಜೆಯೊಳಗೆ ಮನೆಯ ಮಾಲೀಕರಿಗೆ ಬೀಗದ ಕೈ ಒಪ್ಪಿಸಬೇಕು.

ಸಿದ್ದಮ್ಮ ನನ್ನ ಎದುರಿಗೇ ಪಂಚಾಯಿತಿ ಶುರುಮಾಡಿದರು. "ನೀನೇ ಯೇಳವ್ವ, ಹೊಸ ಮನೆಗೆ ದ್ಯಾವ್ರು ಮೊದ್ಲು ಓಗ್ಬೇಕಾ, ಉಳ ಮೊದ್ಲು ಓಗ್ಬೇಕಾ? ತಿಪ್ಪೆಗೆ ಸುರುದ್ಬುಟ್ಟು ಬಾ ಅಂದ್ರೆ ಕೇಳಕಿಲ್ಲ."

"ಉಳ ಬರದೆ ಇದ್ರೆ ನಾನೂ ಬರಕಿಲ್ಲ ಕಣತ್ತೆ," ಅಂದಳು ರತ್ನ. ದನಿ ಏರಿಸಲಿಲ್ಲ, ಆದರೆ ಕಣ್ಣು ಕೆಂಪಾಗಿತ್ತು. ತಿಂಗಳೊಪ್ಪತ್ತು ನಿದ್ದೆಗೆಟ್ಟು ಸೊಪ್ಪು ಹಾಕಿದವಳು ಅವಳು. ನಾನು ಯಾರ ಕಡೆಗೂ ತೀರ್ಪು ಕೊಡದೆ ಚಾಪೆ ಸುತ್ತಲು ಹೋದೆ.

ಕೊನೆಗೆ ರತ್ನಳ ಮಾತೇ ನಡೆಯಿತು. ಬೀರು, ಪಾತ್ರೆ, ಹಾಸಿಗೆಯ ಜೊತೆಗೆ ಬಿದಿರು ತಟ್ಟೆಗಳಲ್ಲಿ ಹುಳುಗಳೂ ಟೆಂಪೋ ಹತ್ತಿದವು. ಹುಳುಗಳಿಗೆ ಯಾವ ಘಾಟೂ ಆಗುವುದಿಲ್ಲವಂತೆ. ಊದುಬತ್ತಿ, ಕರ್ಪೂರದ ಗಂಟನ್ನು ರತ್ನ ಅತ್ತೆಯ ಜೊತೆ ಮುಂದೆ ಡ್ರೈವರ್ ಪಕ್ಕಕ್ಕೆ ಕಳಿಸಿದಳು. ಮುಖದ ಪೌಡರ್ ಒರೆಸಿಕೋ ಎಂದು ನನಗೆ ಹೇಳಿದಳು. ಗೃಹಪ್ರವೇಶವೆಂದು ಆಸೆಪಟ್ಟು ಮುಡಿದಿದ್ದ ಮಲ್ಲಿಗೆಯನ್ನೂ ತೆಗೆಸಿದಳು. ನನಗೆ ಸಿಟ್ಟು ಬಂತು. ಮದುಮಗಳನ್ನು ಕರೆದುಕೊಂಡು ಹೋಗುವಾಗಲೂ ಇಷ್ಟು ಮಡಿ ಮಾಡುವುದಿಲ್ಲ ಅಂದೆ. ಕೂರಲು ಬೇರೆಲ್ಲೂ ಜಾಗವಿಲ್ಲದೆ, ಹಿಂದುಗಡೆ ರತ್ನಳ ಪಕ್ಕ, ಸಾವಿರಾರು ಹುಳುಗಳ ಜೊತೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೂತೆ.

ಚಾಮರಾಜನಗರ ದಾಟುವಷ್ಟರಲ್ಲಿ ಅಷ್ಟು ದಿನದಿಂದ ಮುಖ ತೋರಿಸದಿದ್ದ ಬಿಸಿಲು ಚುರುಚುರು ಬಂತು. ಟಾರ್ಪಾಲಿನ ಕೆಳಗೆ ಸೆಖೆಯೋ ಸೆಖೆ. ತೆರಕಣಾಂಬಿಯಲ್ಲಿ ಡ್ರೈವರ್ ಟೀ ಕುಡಿಯಲು ನಿಲ್ಲಿಸಿದಾಗ ನೋಡುತ್ತೇನೆ, ನನ್ನ ಸೀರೆಯ ನೆರಿಗೆಯ ಮೇಲೆ ಒಂದು ಹುಳು. ಹಳದಿ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತ ನೂಲು ಬಿಡುತ್ತಿತ್ತು. ಕೂಗಿದರೆ ಎಲ್ಲಿ ಮೇಲೆ ಹತ್ತುತ್ತದೋ ಎಂದು ಪಿಸುದನಿಯಲ್ಲಿ ರತ್ನಳನ್ನು ಕರೆದೆ.

ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ ಜಯಾ, ಅಣ್ಣಾಗ್ಬುಟ್ಟವೆ ಕಣೆ."

ಹುಳು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾದರೆ ಹಣ್ಣಾಯಿತು ಅನ್ನುತ್ತಾರೆ. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ಚೌಕಟ್ಟಿಗೆ ಬಿಡಬೇಕು. ತಡವಾದರೆ ಸಿಕ್ಕಿದ ಕಡೆ ನೂಲು ಸುರಿಸಿ ವ್ಯರ್ಥವಾಗಿ ಹೋಗುತ್ತದೆ. ಇನ್ನೂ ಎರಡು ದಿನ ಬೇಕಾಗಬಹುದು, ಅಷ್ಟರಲ್ಲಿ ಬೇಗೂರಿನಲ್ಲೇ ಚಂದ್ರಿಕೆ ಬಾಡಿಗೆಗೆ ಹಿಡಿದರಾಯಿತು ಎಂದುಕೊಂಡಿದ್ದಳು ರತ್ನ. ಬಿಸಿಲು ಅವಳ ಲೆಕ್ಕವನ್ನು ಎರಡನೇ ಸಲ ಕೆಡಿಸಿತ್ತು. ಡ್ರೈವರನ ಕೈಯಲ್ಲಿದ್ದ ಟೀ ಮುಗಿಯುವ ಮೊದಲೇ ಅವನನ್ನು ಎಬ್ಬಿಸಿಕೊಂಡು ಹೊರಟೆವು. ಗುಂಡ್ಲುಪೇಟೆ ಬರುವ ಹೊತ್ತಿಗೆ ಹಿತ್ತಾಳೆ ಬಿಂದಿಗೆಯ ಕಂಠಕ್ಕೆ, ಹಾಸಿಗೆಯ ಗಂಟಿಗೆ, ಬೀರುವಿನ ಹಿಡಿಗೆ ಎಲ್ಲ ಕಡೆ ನೂಲು. ಮುಂದೆ ಡ್ರೈವರ್ ಪಕ್ಕ ಕೂತಿದ್ದ ಸಿದ್ದಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ.

ಬೇಗೂರಿನ ಆ ಬೀದಿಗೆ ಬಂದಾಗ ಹನ್ನೊಂದು ದಾಟಿತ್ತು. ಎರಡು ದಿನ ಮೊದಲೇ ಬಂದಿದ್ದ ಮಾದೇಶ ಮಾವಿನ ತೋರಣ ಕಟ್ಟಿ, ಹೊಸ ಷರ್ಟು ಹಾಕಿ ಬಾಗಿಲಲ್ಲಿ ನಿಂತಿದ್ದ. ರತ್ನ ಮೊದಲ ತಟ್ಟೆ ಎತ್ತಿಕೊಂಡು ಓಡಿದವಳು ಹೊಸ್ತಿಲ ಹತ್ತಿರ ಗಕ್ಕನೆ ನಿಂತಳು. ಒಳಗಿನಿಂದ ಪೇಂಟಿನ ವಾಸನೆ ಮೂಗಿಗೆ ರಾಚುತ್ತಿತ್ತು. ಹೆಂಡತಿಗೆ ಖುಷಿಯಾಗಲೆಂದು ಅವನು ಹಿಂದಿನ ದಿನವೆಲ್ಲ ಕೂತು ಬಾಗಿಲು, ಕಿಟಕಿ, ಗೋಡೆಯ ಅಂಚು ಒಂದನ್ನೂ ಬಿಡದೆ ಬಳಿದಿದ್ದ. ಹುಳು ಇಷ್ಟರೊಳಗೆ ಗೂಡಿಗೆ ಹೋಗಿರುತ್ತದೆ ಎಂದೇ ಅವನು ತಿಳಿದಿದ್ದ. ಆ ಘಾಟಿನಲ್ಲಿ ಹುಳು ಬದುಕುವುದು ಹಾಗಿರಲಿ, ನನಗೇ ತಲೆ ಸುತ್ತಿತು. ಪಾಪ, ಅವನು ಹೆಂಡತಿಯ ಮುಖವನ್ನೂ ತಾನು ಬಳಿದ ಹಸಿರು ಬಾಗಿಲನ್ನೂ ನೋಡುತ್ತ ನಿಂತುಬಿಟ್ಟ.

ಒಳಗೆ ಘಾಟು, ಹೊರಗೆ ಬಿಸಿಲು, ಚಂದ್ರಿಕೆ ಒಂದೂ ಇಲ್ಲ. ಗಂಡ ಕೈಯಾರೆ ಕಟ್ಟಿದ ಮನೆಯ ಮುಂದೆ ತಟ್ಟೆ ಹಿಡಿದುಕೊಂಡು ರತ್ನ ಅಳತೊಡಗಿದಳು. ಅವಳನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು.

ಎದುರು ಮನೆಯ ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ರಾಗಿ ಕೇರುತ್ತ ಇದನ್ನೆಲ್ಲ ನೋಡುತ್ತಿದ್ದರು. ಚಿಕ್ಕತಾಯಮ್ಮ ಅಂತ ಅವರ ಹೆಸರು. ಆಮೇಲೆ ಗೊತ್ತಾಯಿತು, ಅವರೂ ಒಂದು ಕಾಲದಲ್ಲಿ ಹುಳು ಸಾಕಿದವರೇ. ಮೊರ ಕೆಳಗಿಟ್ಟು ಬಂದು, ತಟ್ಟೆಯಲ್ಲಿ ಇಣುಕಿ, ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿದರು.

"ಅಳ್ತಾ ನಿಂತ್ರೆ ಉಳ ಗೂಡು ಕಟ್ಟಾವಾ? ಬಾಮ್ಮಿ, ನಮ್ಮಟ್ಟದ ಮ್ಯಾಲೆ ಎರಡು ಚಂದ್ರಿಕೆ ಅವೆ," ಅಂದರು. ಹೆಸರೂ ಕೇಳಲಿಲ್ಲ, ಯಾವ ಊರು ಯಾರ ಪೈಕಿ ಎಂದೂ ಕೇಳಲಿಲ್ಲ.

ಎರಡು ಚಂದ್ರಿಕೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೆ ಚಿಕ್ಕತಾಯಮ್ಮ ಅಷ್ಟಕ್ಕೆ ಬಿಡುವವರಲ್ಲ. ಬೀದಿಯ ಉದ್ದಕ್ಕೂ ಮನೆಮನೆಯ ಬಾಗಿಲಲ್ಲಿ ನಿಂತು ಕೂಗುತ್ತ ಹೋದರು. ಒಬ್ಬರು ದನದ ಕೊಟ್ಟಿಗೆಯಿಂದ ಹಳೆಯ ಮುರುಕಲು ಚಂದ್ರಿಕೆ ತಂದರು. ಇನ್ನೊಬ್ಬರು ಸೌದೆಗೆ ಇಟ್ಟಿದ್ದ ಒಣ ತೊಗರಿ ಕಡ್ಡಿಯ ಹೊರೆಯನ್ನೇ ಹೊತ್ತು ತಂದರು. ಚಂದ್ರಿಕೆ ಸಾಲದಿದ್ದರೆ ಒಣ ಕಡ್ಡಿಗೆ ಬಿಟ್ಟರೂ ಹುಳು ಗೂಡು ಕಟ್ಟುತ್ತದಂತೆ. ಹುಲ್ಲು, ತೆಂಗಿನ ಗರಿ, ಹಳೆಯ ಮಂಕರಿ ಬುಟ್ಟಿ ಎಲ್ಲ ಬಂದವು. ನಾವು ಕಾಲಿಟ್ಟು ಅರ್ಧ ಗಂಟೆಯಾಗಿರಲಿಲ್ಲ, ಬೀದಿಯ ಜಗಲಿಗಳೆಲ್ಲ ರತ್ನಳ ಹುಳುಮನೆಯಾದವು.

ಇನ್ನು ಆರಿಸುವ ಕೆಲಸ. ಹಣ್ಣಾದದ್ದನ್ನು ಒಂದೊಂದಾಗಿ ಬೆರಳಲ್ಲಿ ಎತ್ತಬೇಕು. ಎಲ್ಲ ಹೆಂಗಸರೂ ಕೂತರು. ನಾನು ನಿಂತೇ ಇದ್ದೆ. ಚಿಕ್ಕತಾಯಮ್ಮ ನನ್ನ ಕಡೆ ತಿರುಗಿ, ಕೂಲಿಯವರ ಮೇಲೆ ಮೇಸ್ತ್ರಿ ನಿಂತ ಹಾಗೆ ನಿಂತಿದ್ದೀಯಲ್ಲವ್ವ ಎಂದು ನಕ್ಕರು. ನನಗೆ ರೋಷ ಬಂತು. ಕಣ್ಣು ಮುಚ್ಚಿ ಕೈ ಹಾಕಿದೆ. ಒದ್ದೆ ಬತ್ತಿಯಂತೆ ತಣ್ಣಗೆ, ಮೆತ್ತಗಿತ್ತು, ಅಷ್ಟೇ. ಎರಡನೆಯದನ್ನು ಕಣ್ಣು ಬಿಟ್ಟೇ ಎತ್ತಿದೆ. ಆಮೇಲೆ ಸೂಜಿಗೆ ದಾರ ಪೋಣಿಸಿ ಪಳಗಿದ ಬೆರಳು ತಾನಾಗಿಯೇ ಓಡತೊಡಗಿತು. ಅವತ್ತು ನನ್ನಷ್ಟು ಬೇಗ ಆರಿಸಿದವರು ಆ ಜಗಲಿಯಲ್ಲಿ ಇನ್ನೊಬ್ಬರಿರಲಿಲ್ಲ ಎಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಇತ್ತ ಹನ್ನೆರಡಕ್ಕೆ ಸರಿಯಾಗಿ ಹಾಲು ಉಕ್ಕಬೇಕೆಂದು ಮುಹೂರ್ತ ನೋಡಿಕೊಟ್ಟ ಅಯ್ಯನೋರು ಹೇಳಿ ಕಳಿಸಿದ್ದರು. ಮಾದೇಶ ಅಂಗಳದಲ್ಲಿ ಮೂರು ಇಟ್ಟಿಗೆ ಜೋಡಿಸಿ ಹಾಲಿನ ಪಾತ್ರೆ ಇಟ್ಟುಕೊಂಡು ಕಾಯುತ್ತಿದ್ದ. ಹೊತ್ತು ಮೀರುತ್ತದೆ, ರತ್ನಳನ್ನು ಕರೆಯವ್ವ ಎಂದು ತಾಯಿಗೆ ಹೇಳಿದ. ಅಲ್ಲಿಯವರೆಗೆ ಹೊಸ್ತಿಲ ಹತ್ತಿರ ಮುಖ ಊದಿಸಿಕೊಂಡೇ ಕೂತಿದ್ದ ಸಿದ್ದಮ್ಮ ಎದ್ದರು. ಈಗ ಬೀದಿಯ ಎದುರಿಗೇ ಸೊಸೆಗೆ ಮಂಗಳಾರತಿ ಎಂದುಕೊಂಡು ನಾನು ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದೆ. ಅವರು ಬಂದು ಜಗಲಿಗಳ ಉದ್ದಕ್ಕೂ ಕಣ್ಣಾಡಿಸಿದರು. ಊರವರೆಲ್ಲ ಬಗ್ಗಿಕೊಂಡು ಇವರ ಮನೆಯ ಹುಳು ಆರಿಸುತ್ತಿದ್ದಾರೆ. ನಡುವೆ ರತ್ನ, ಹಣೆಯಿಂದ ಬೆವರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಬಗ್ಗಿಯೇ ಇದ್ದಳು. ಸಿದ್ದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೊಸೆಯ ಪಕ್ಕದಲ್ಲಿ ಕೂತು ಒಂದು ತಟ್ಟೆ ಎಳೆದುಕೊಂಡರು.

ಮಾದೇಶ ಅಲ್ಲಿಂದಲೇ ಹಾಲು ಎಂದು ಕೂಗಿದ. "ಆಲು ಕಾಯ್ತದೆ ಕಣ್ಲಾ, ಉಳ ಕಾಯಕಿಲ್ಲ," ಎಂದರು ಸಿದ್ದಮ್ಮ, ತಲೆ ಎತ್ತದೆ. ರತ್ನ ಒಂದು ಗಳಿಗೆ ಅತ್ತೆಯ ಮುಖ ನೋಡಿ, ಮತ್ತೆ ಬಗ್ಗಿ ಕೆಲಸಕ್ಕೆ ಬಿದ್ದಳು.

ಕೊನೆಯ ತಟ್ಟೆ ಖಾಲಿಯಾದಾಗ ಹೊತ್ತು ಎಷ್ಟಾಗಿತ್ತೋ, ಯಾರೂ ಗಡಿಯಾರ ನೋಡಲಿಲ್ಲ. ಕೈ ತೊಳೆದು ರತ್ನ ಒಲೆ ಹಚ್ಚಿದಳು. ಹಾಲು ಉಕ್ಕಿ ಚೆಲ್ಲಿದಾಗ ಆ ಅಂಗಳದಲ್ಲಿ ಬೀದಿಯ ಜನವೆಲ್ಲ ಇದ್ದರು. ಹತ್ತು ಜನಕ್ಕೆಂದು ಮಾಡಿದ ಪಾಯಸವನ್ನು ಅಷ್ಟೂ ಜನ ಅಂಗೈಯಲ್ಲಿ ಒಂದೊಂದು ಗುಟುಕು ಕುಡಿದರು. ಹೊಟ್ಟೆ ತುಂಬ ಉಣ್ಣಬೇಕೆಂದಿದ್ದ ನನಗೂ ಅಷ್ಟೇ ಸಿಕ್ಕಿತು. ಆದರೆ ಅಂಥ ಪಾಯಸವನ್ನು ನಾನು ಆಮೇಲೆ ಎಲ್ಲೂ ಕುಡಿದಿಲ್ಲ.

ಮುಂದಿನ ವಾರ ಗೂಡು ಬಿಡಿಸುವಾಗಲೂ ಹೋಗಿದ್ದೆ, ಈ ಸಲ ಯಾರೂ ಕರೆಯದೆ. ಬೀದಿಯುದ್ದಕ್ಕೂ ಜಗಲಿಗಳಲ್ಲಿ ಅರಿಶಿನ ಚೆಲ್ಲಿದ ಹಾಗೆ ಹಳದಿ ಗೂಡುಗಳು. ಅಷ್ಟು ದಿನವೂ ಬೀದಿಯವರು ಇರುವೆ, ಹಲ್ಲಿ, ಕೋಳಿ ಹತ್ತಿರ ಸುಳಿಯದಂತೆ ಕಾದಿದ್ದರು. ರತ್ನ ಮನೆಮನೆಗೂ ಹೋಗಿ ಗೂಡು ಬಿಡಿಸಿಕೊಂಡಳು. ತೆರಕಣಾಂಬಿಯ ಬಿಸಿಲಿಗೆ ಒಂದಿಷ್ಟು ಹುಳು ಹೋಗಿದ್ದವು ನಿಜ. ಉಳಿದ ಗೂಡುಗಳು ಒಂದೊಂದೂ ಬೆರಳಲ್ಲಿ ಒತ್ತಿದರೆ ಬಗ್ಗದಷ್ಟು ಗಟ್ಟಿ.

ಗಂಟು ಕಟ್ಟಿಕೊಂಡು ಚಾಮರಾಜನಗರದ ಗೂಡಿನ ಮಾರುಕಟ್ಟೆಗೆ ಬಂದೆವು. ಅತ್ತೆ, ಸೊಸೆ, ಮಾದೇಶ, ನಾನು. ಹರಾಜಿನಲ್ಲಿ ನಮ್ಮ ಗೂಡನ್ನು ಕೈಯಲ್ಲಿ ಅಲುಗಿಸಿ ನೋಡಿದವರೆಲ್ಲ ಬೆಲೆ ಏರಿಸುತ್ತಲೇ ಹೋದರು. ರತ್ನ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಮುಗಿದ ಮೇಲೆ ಬರೆದುಕೊಳ್ಳುವವರು ಯಾರ ಹೆಸರು, ಯಾವ ಊರು ಎಂದು ಕೇಳಿದರು. ಯಾವಾಗಿನಂತೆ ತನ್ನ ಹೆಸರು ಹೇಳಲು ಮಾದೇಶ ಬಾಯಿ ತೆರೆದ. ಸಿದ್ದಮ್ಮ ಅವನನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿದರು.

"ರತ್ನಮ್ಮ ಅಂತ ಬರ್ಕಳಪ್ಪ. ಬೇಗೂರು. ನನ್ ಸೊಸೆ."

ಮಾರುಕಟ್ಟೆ ಎಂಬುದನ್ನೂ ಮರೆತು ನಾನು ಚಪ್ಪಾಳೆ ಹೊಡೆದುಬಿಟ್ಟೆ. ನಾಲ್ಕು ಜನ ತಿರುಗಿ ನೋಡಿದರು, ನೋಡಲಿ ಅಂದುಕೊಂಡೆ. ಗೆದ್ದವಳು ರತ್ನ, ಆದರೆ ಅವತ್ತು ಮಾರುಕಟ್ಟೆಯಿಂದ ನನ್ನ ಅಂಗಡಿಯವರೆಗೂ ಎದೆಯುಬ್ಬಿಸಿ ನಡೆದವಳು ನಾನು.