ಮಾವನ ಬುಲೆಟ್ಟಿಗೆ ಉಲ್ಟಾ ಗೇರು

ಬೆಳಿಗ್ಗೆ ಅಂಗಳಕ್ಕೆ ಬಟ್ಟೆ ಒಣಹಾಕಲು ಹೋದಾಗ ಗೇರ್ ಆಯಿಲ್ ವಾಸನೆ ಮೂಗಿಗೆ ಬಡಿಯಿತು. ನಮ್ಮ ಯಜಮಾನರು ಬುಲೆಟ್ ಒರೆಸುತ್ತಾ ಕೂತಿದ್ದರು. ಕೈಯಲ್ಲಿ ಮಾವನ ಕೆಂಪಂಚಿನ ಟವೆಲ್ಲು. ಮನೆ ತುಂಬ ಹರಿದ ಬನಿಯನ್ನುಗಳಿವೆ, ಇವರಿಗೆ ಸಿಕ್ಕಿದ್ದು ಅದೇ. ಅಪ್ಪನ ಗಾಡಿ, ಅಪ್ಪನ ಟವೆಲ್ಲು ಎಂದು ಫೋಟೊ ತೆಗೆದು ಸ್ನೇಹಿತರಿಗೆಲ್ಲ ಕಳಿಸಿಯೂ ಆಗಿರಬೇಕು. ಪಿತೃಭಕ್ತಿಗೇನೂ ಕಡಿಮೆಯಿಲ್ಲ.

ಮಾವ ದೇವರಾಯಸಮುದ್ರದ ನಮ್ಮ ತೋಟದಿಂದ ಕೋಲಾರದ ಟೊಮೆಟೊ ಮಾರ್ಕೆಟ್ಟಿಗೆ ಆ ಬುಲೆಟ್ಟಿನಲ್ಲೇ ಓಡಾಡಿ ವಯಸ್ಸು ಕಳೆದವರು. ಹಳೇ ಕಾಲದ ಗಾಡಿ. ಗೇರು ಬಲಗಾಲಿಗೆ, ಒಂದನೆಯದಕ್ಕೆ ಮೇಲೆತ್ತಬೇಕು, ಮಿಕ್ಕವಕ್ಕೆ ಕೆಳಗೆ ತುಳಿಯಬೇಕು. ಈಗಿನ ಗಾಡಿಗಳಿಗೆ ಪೂರಾ ತದ್ವಿರುದ್ಧ. ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಬಂದಾಗ ಮಾವ ಹಿಂದೆ ಕೂರಿಸಿಕೊಂಡು ಮುಳಬಾಗಿಲಿಗೆ ಕರೆದೊಯ್ದಿದ್ದರು. ಗೇರು ಬದಲಾದದ್ದೇ ಗೊತ್ತಾಗಿರಲಿಲ್ಲ...

ಅವರ ಸುಪುತ್ರರಿಗೆ ಮಾತ್ರ ಆ ಗೇರು ಒಗ್ಗಲಿಲ್ಲ. ಭಾನುವಾರ ಜಾಕೆಟ್ ತೊಟ್ಟು ಸ್ನೇಹಿತರ ಜೊತೆ ಹೈವೇಗೆ ಹೋದರೆ, ಎತ್ತಬೇಕಾದಲ್ಲಿ ತುಳಿದು, ತುಳಿಯಬೇಕಾದಲ್ಲಿ ಎತ್ತಿ, ನಡುರಸ್ತೆಯಲ್ಲಿ ನಗೆಪಾಟಲಾಗಿ ಬರುತ್ತಿದ್ದರು. ಸ್ವಲ್ಪ ದಿನ ಕಲಿತಿದ್ದರೆ ಆಗುತ್ತಿತ್ತು. ಕಲಿಯುವುದು ಇವರ ಜಾತಕದಲ್ಲೇ ಇಲ್ಲ.

ಆಗಲೇ ಮಾವನಿಗೆ ಕಣ್ಣಿನ ಪೊರೆ ತೆಗೆದರು. ಕೆಲವು ವಾರ ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಇಂಜಿನ್ ಕೆಲಸ ಇದೆ ಎಂದು ಇವರು ಬುಲೆಟ್ಟನ್ನು ಕೋಲಾರದ ಮೆಕ್ಯಾನಿಕ್ ಹತ್ತಿರ ಬಿಟ್ಟುಬಂದರು.

"ಇಂಜಿನ್ ಏನ್ ಬೇಕಾದ್ರೂ ಮಾಡ್ಸ್ಕೋ. ಗೇರ್‌ಬಾಕ್ಸ್ ಮಾತ್ರ ಬಿಚ್ಚಿಸ್ಬೇಡ" ಎಂದು ಮಾವ ಖಡಾಖಂಡಿತವಾಗಿ ಹೇಳಿದ್ದರು.

ಡಾಕ್ಟರು ಒಪ್ಪಿದ ದಿನ ಮಾವ ಗಡ್ಡ ಹೆರೆದುಕೊಂಡು, ಒಗೆದ ಪಂಚೆ ಉಟ್ಟು, ರಿಪೇರಿಯಾಗಿ ಬಂದಿದ್ದ ಬುಲೆಟ್ಟನ್ನು ಬೀದಿಗಿಳಿಸಿದರು. ಒಂದೇ ಒದೆತಕ್ಕೆ ಸ್ಟಾರ್ಟಾಯಿತು. ಟೀ ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಮಾವ ಗೇರು ಮೇಲೆತ್ತಿದರು. ಗಾಡಿ ಮುಕ್ಕರಿಯುತ್ತಾ ಹೊರಟಿತು. ಕೆಳಗೆ ತುಳಿದರು, ಇಂಜಿನ್ ಅರಚಿತು, ಹಿಂದಿನ ಚಕ್ರ ಜಾರಿತು, ಮಾವ ಗಾಡಿ ಸಮೇತ ಚರಂಡಿ ಕಲ್ಲಿಗೆ ಒರಗಿಬಿಟ್ಟರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ.

ಎದ್ದು ನಿಂತು ಮಗನನ್ನು ಕೇಳಿದರು. "ಗೇರೇನಾದ್ರೂ ಮುಟ್ಸಿದ್ಯೇನ್ಲಾ?"

"ಇಲ್ಲ ನಾಯ್ನಾ. ನಿಮ್ಗೇ ಮರ್ತೋಗಿರ್ಬೇಕು. ವಯಸ್ಸಾಯ್ತಲ್ಲ," ಎಂದರು ಇವರು, ಅಪ್ಪನ ಮುಖ ನೋಡದೆ.

ಮಾವ ಮತ್ತೆ ಕೇಳಲಿಲ್ಲ. ಅವರ ಅಣ್ಣ ಮರೆವಿನ ಕಾಯಿಲೆ ಬಂದು, ಕಟ್ಟಿಕೊಂಡ ಹೆಂಡತಿಯನ್ನೇ ಯಾರಮ್ಮಾ ನೀನು ಎನ್ನುತ್ತಾ ಹೋದವರು. ಮಾವನಿಗೆ ಸಾವಿಗಿಂತ ಅದರ ಭಯ ಹೆಚ್ಚು. ಆ ಕಾಯಿಲೆ ತಮಗೂ ಬಂತೆಂದು ಅವತ್ತೇ ನಂಬಿಬಿಟ್ಟರು. ಬುಲೆಟ್ ಕೀಲಿಕೈ ಮಗನ ಕೈಗಿಟ್ಟರು. ಮಾರ್ಕೆಟ್ಟಿಗೆ ಹೋಗುವುದು ನಿಂತಿತು. ಆಮೇಲೆ ಟೊಮೆಟೊ ದರ ಕೇಳುವುದೂ... ಸಂಜೆ ಮಾತ್ರ ತಪ್ಪದೆ, ಪಾಠ ಒಪ್ಪಿಸುವ ಹುಡುಗನ ಹಾಗೆ, ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಅಮ್ಮಾ, ಮಧ್ಯಾಹ್ನ ಉಂಡಿದ್ದು ಮುದ್ದೆ, ಅವರೆಕಾಳು ಸಾರು. ಸರಿನಾ?"

"ಸರಿ ಮಾವ."

"ನಿಜ್ವಾಗ್ಲೂ ಸರಿನಾ, ಇಲ್ಲ ನನ್ ಸಮಾಧಾನಕ್ಕೆ ಹೇಳ್ತಿದ್ದೀಯಾ?"

ಹೀಗೇ ಕೇಳಿಕೊಂಡಿದ್ದವರು ಒಂದು ದಿನ ಎದೆನೋವು ಬಂದು ಹೋಗಿಬಿಟ್ಟರು. ತಿಥಿಯ ಊಟಕ್ಕೆ ಕೋಲಾರದ ಮೆಕ್ಯಾನಿಕ್ ಭಾಯಿ ಬಂದಿದ್ದ. ಕೈ ತೊಳೆಯಲು ನೀರು ಕೊಡುವಾಗ ಕೇಳಿದ, "ಅಕ್ಕಾ, ಆ ಉಲ್ಟಾ ಗೇರು ದೊಡ್ಡವ್ರಿಗೆ ಒಗ್ತಾ? ಎತ್ತೋದು ತುಳಿಯೋದು ಅದಲುಬದಲಾಗೋ ಹಾಗೆ ಒಳಗಿನ ಪಟ್ಟಿ ಕಟ್ ಮಾಡಿ, ತಿರುಗ್ಸಿ ವೆಲ್ಡ್ ಮಾಡಿದ್ದೆ. ಅಪ್ಪಂಗೆ ಮೊದ್ಲೇ ಹೇಳ್ಬಿಡಿ, ಕಾಲಿಗೆ ಹಳೇ ಅಭ್ಯಾಸ ಇರ್ತದೆ ಅಂತ ಸಾರ್‌ಗೆ ಹೇಳಿದ್ದೆ."

ಚೊಂಬು ಅಲ್ಲೇ ಇಟ್ಟು ಒಳಗೆ ಹೋಗಿ ಇವರನ್ನು ಕೇಳಿದೆ.

"ಬೈತಿದ್ರು ಕಣೇ. ಆಮೇಲೆ ಹೇಳೋಣ ಅಂತಿದ್ದೆ..." ಎಂದರು.

ಅಪ್ಪನ ಒಂದು ಬೈಗುಳ ತಪ್ಪಿಸಿಕೊಳ್ಳಲು ಅಪ್ಪನಿಗೇ ತಲೆ ಕೆಟ್ಟಿದೆ ಎಂದು ನಂಬಿಸಿದ ಗಂಡಸು. ಮುಖದ ಮೇಲೆ ಮೀಸೆ ಬೇರೆ. ಅವತ್ತಿನಿಂದ ಇವರಿಗೆ ಊಟ ಬಡಿಸುತ್ತೇನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಮರ್ಯಾದೆ ಮಾತ್ರ ಹುಡುಕಿದರೂ ನನ್ನಲ್ಲಿ ಸಿಗುವುದಿಲ್ಲ.

ಈಗ ಬುಲೆಟ್ ಗೇಟು ದಾಟಿ ಹೋಯಿತು. ಹಳೇ ಗಾಡಿ ಓಡಿಸುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ ಎಂದು ಸ್ನೇಹಿತರ ಮುಂದೆ ಹೇಳಿಕೊಳ್ಳುತ್ತಾರಂತೆ. ಹೇಳಿಕೊಳ್ಳಲಿ. ಮಾವನಿಲ್ಲದ ಮನೆಯಲ್ಲಿ ಸಂಜೆಯಾದರೆ ನನಗೆ ಈಗಲೂ ಕೈ ಓಡುವುದಿಲ್ಲ. ಅವರು ಹೇಳಿದ ಒಂದು ಉತ್ತರವೂ ತಪ್ಪಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದ್ದ ದಿನ ಅದನ್ನೂ ಸೇರಿಸಿ ಹೇಳಿದ್ದರು. ಆದರೂ ಸರಿ ಎಂದ ನನ್ನನ್ನು ಅವರು ನಂಬಲಿಲ್ಲ. ಮಗನನ್ನು ನಂಬಿಕೊಂಡೇ ಹೋದರು.